ವಿಜಯಪುರದ ಸ್ಮಾರಕಗಳು: ಕ್ಷೇತ್ರ ಭೇಟಿಯನ್ನು ಪಾಠವಾಗಿಸುವ ಬಗೆ

ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಪ್ರತಿ ತಂಡವೂ ಶಾಲಾ ಮಕ್ಕಳನ್ನು ಒಂದು ಐತಿಹಾಸಿಕ ಸ್ಥಳಕ್ಕೆ ಕರೆದೊಯ್ಯುತ್ತದೆ. ಸಮಾಜ ವಿಜ್ಞಾನ ಬೋಧನಾಶಾಸ್ತ್ರವನ್ನು ಕಲಿಸುವ ನಾನು ಆ ಭೇಟಿಗಳ ವರದಿಗಳನ್ನು ಓದುತ್ತೇನೆ. ಬಸ್ಸು ಹೊರಟ ಸಮಯ, ಊಟದ ವ್ಯವಸ್ಥೆ, ಗುಮ್ಮಟದ ಅಳತೆ, ಪ್ರತಿಧ್ವನಿ ಕೇಳಿ ಮಕ್ಕಳು ನಲಿದದ್ದು, ಎಲ್ಲವೂ ಅವುಗಳಲ್ಲಿರುತ್ತವೆ. ಕಂಡದ್ದರಿಂದ ಮಕ್ಕಳು ಏನನ್ನು ಊಹಿಸಿದರು, ಯಾವ ಆಧಾರದ ಮೇಲೆ ಊಹಿಸಿದರು ಎಂಬುದು ಮಾತ್ರ ಅಪರೂಪ. ವಿಜಯಪುರವನ್ನು ಉದಾಹರಣೆಯಾಗಿಟ್ಟುಕೊಂಡು ಈ ಕೊರತೆಯನ್ನು ತುಂಬುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ವಿಜಯಪುರವೇ ಏಕೆ?

ಕಲ್ಯಾಣ ಚಾಲುಕ್ಯರ ಕಾಲದಿಂದಲೂ ಇದ್ದ ಈ ಊರು 15ನೇ ಶತಮಾನದ ಕೊನೆಯಿಂದ 1686ರವರೆಗೆ ಆದಿಲ್‌ಶಾಹಿಗಳ ರಾಜಧಾನಿಯಾಗಿತ್ತು. ಇರಾನ್, ತುರ್ಕಿ, ಅರಬ್ ನಾಡುಗಳಿಂದ ಬಂದವರು, ಆಫ್ರಿಕದ ಹಬ್ಶಿಗಳು, ಕನ್ನಡಿಗರು, ಮರಾಠಿಗರು ಇಲ್ಲಿ ಒಟ್ಟಿಗೆ ಬಾಳಿದರು. ಹಬ್ಶಿ ಮೂಲದ ಇಖ್ಲಾಸ್ ಖಾನ್ ಇಲ್ಲಿ ಪ್ರಧಾನಿಯ ಸ್ಥಾನಕ್ಕೇರಿದ. ಶಿವಾಜಿಯ ತಂದೆ ಶಹಾಜಿ ಈ ರಾಜ್ಯದ ಸರದಾರನಾಗಿದ್ದ. ಎರಡನೇ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಆಸ್ಥಾನದಲ್ಲಿ ಹಾಲೆಂಡಿನ ಹಾರ್ಲೆಮ್‌ನಿಂದ ಬಂದ ಚಿತ್ರಕಾರ ಕಾರ್ನೆಲಿಸ್ ಹೇಡಾ ಇದ್ದ. ಸ್ವತಃ ಸಂಗೀತಗಾರನಾಗಿದ್ದ ಇಬ್ರಾಹಿಂ, ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣೇಶನನ್ನೂ ಕಲಬುರಗಿಯ ಬಂದೇನವಾಜರನ್ನೂ ಸ್ತುತಿಸಿದ್ದಾನೆ.

ಇದೆಲ್ಲವನ್ನೂ ತರಗತಿಯಲ್ಲಿ ಹೇಳಿಬಿಡಬಹುದು. ಆದರೆ ‘ಇದು ಸಂಸ್ಕೃತಿಗಳ ಸಂಗಮ’ ಎಂದು ಶಿಕ್ಷಕರು ಹೇಳಿ, ಮಕ್ಕಳು ಬರೆದುಕೊಂಡರೆ ಅದು ಇನ್ನೊಂದು ಟಿಪ್ಪಣಿಯಾಗುತ್ತದೆ ಅಷ್ಟೆ. ಕಲ್ಲಿನ ಮುಂದೆ ನಿಂತು ಮಗು ತಾನೇ ಆ ಮಾತಿಗೆ ಬರಬೇಕು.

ಭೇಟಿಗೆ ಮುನ್ನ

ಪ್ರಶಿಕ್ಷಣಾರ್ಥಿ ಮೊದಲು ಒಬ್ಬರೇ ಹೋಗಿ ಸ್ಥಳವನ್ನು ನೋಡಿ ಬರಬೇಕು. ನೆರಳು ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ, ನಲವತ್ತು ಮಕ್ಕಳು ಕುಳಿತು ಬರೆಯಲು ಜಾಗ ಎಲ್ಲಿದೆ ಎಂಬುದು ಪಾಠ ಯೋಜನೆಯ ಭಾಗವೇ. ಒಂದು ದಿನಕ್ಕೆ ಮೂರು ಅಥವಾ ನಾಲ್ಕು ಸ್ಥಳ ಸಾಕು. ನಾನು ಸೂಚಿಸುವುದು ಗೋಲಗುಮ್ಮಟ, ಮಲಿಕ್-ಎ-ಮೈದಾನ್ ತೋಪು, ಇಬ್ರಾಹಿಂ ರೋಜಾ ಮತ್ತು ಕೋಟೆಯೊಳಗಿನ ಕರೀಮುದ್ದೀನನ ಮಸೀದಿ. ಪ್ರತಿ ಸ್ಥಳಕ್ಕೂ ಒಂದು ಕಾರ್ಯಹಾಳೆ, ಅದರಲ್ಲಿ ಮೂರೇ ಅಂಕಣ: ನಾನು ಕಂಡದ್ದು, ನಾನು ಊಹಿಸಿದ್ದು, ನಾನು ಕೇಳಬೇಕಾದದ್ದು. ಮೊದಲ ಅಂಕಣ ತುಂಬುವವರೆಗೆ ಶಿಕ್ಷಕರು ಮಾತನಾಡಬಾರದು. ಈ ನಿಯಮ ಮಕ್ಕಳಿಗಿಂತ ನಮ್ಮವರಿಗೇ ಕಷ್ಟ.

ಗೋಲಗುಮ್ಮಟ: ಚೌಕದಿಂದ ವೃತ್ತಕ್ಕೆ

ಮಹಮ್ಮದ್ ಆದಿಲ್‌ಶಾಹನ (ಆಳ್ವಿಕೆ 1627–1656) ಈ ಸಮಾಧಿಯೊಳಗೆ ಒಂದೂ ಕಂಬವಿಲ್ಲ. ಕೆಳಗಿನ ಕೋಣೆ ಸುಮಾರು 41 ಮೀಟರ್ ಬದಿಯ ಚೌಕ, ಮೇಲಿನ ಗುಮ್ಮಟ ವೃತ್ತ. ಚೌಕದ ಮೇಲೆ ವೃತ್ತ ಕೂತದ್ದು ಹೇಗೆ? ಈ ಪ್ರಶ್ನೆಯನ್ನು ಕೇಳಿ, ಮಕ್ಕಳಿಗೆ ತಲೆ ಎತ್ತಿ ನೋಡಲು ಬಿಡಿ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಕಾಣುತ್ತವೆ.

ನಂತರ ಕಾಗದದ ಮೇಲೆ ಬರೆಯಿಸಿ. ಒಂದು ಚೌಕ ಎಳೆದು, ಅದರ ಕರ್ಣದ ಅರ್ಧವನ್ನು ಕೈವಾರದಲ್ಲಿ ತೆಗೆದುಕೊಂಡು, ಪ್ರತಿ ಮೂಲೆಯಿಂದಲೂ ಅಕ್ಕಪಕ್ಕದ ಬದಿಗಳನ್ನು ಛೇದಿಸಬೇಕು. ಬದಿಗೆ ಎರಡರಂತೆ ಎಂಟು ಬಿಂದುಗಳು ಸಿಗುತ್ತವೆ. ಅವುಗಳಿಗೆ ಸಾಲಾಗಿ ಸಂಖ್ಯೆ ಕೊಟ್ಟು 1, 3, 5, 7 ಅನ್ನು ಒಂದು ಚೌಕವಾಗಿಯೂ 2, 4, 6, 8 ಅನ್ನು ಇನ್ನೊಂದು ಚೌಕವಾಗಿಯೂ ಜೋಡಿಸಿದರೆ ನಡುವೆ ಅಷ್ಟಭುಜ ಮೂಡುತ್ತದೆ. ಅಷ್ಟಭುಜವು ವೃತ್ತಕ್ಕೆ ಬಹಳ ಹತ್ತಿರ. ಕಮಾನುಗಳು ನಿಂತಿರುವುದು ಇದೇ ಗೆರೆಗಳ ಮೇಲೆ. ಗಣಿತದ ಪ್ರಶಿಕ್ಷಣಾರ್ಥಿಯೊಬ್ಬರು ಜೊತೆಗಿದ್ದರೆ ಈ ಭಾಗವನ್ನು ಅವರಿಗೇ ಬಿಡಿ.

ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಾಟಕ್ಕೆ ಬದಲು ಒಂದು ಪ್ರಯೋಗ ಮಾಡಿಸಿ. ಗೋಡೆಗೆ ಬಾಯಿ ಹತ್ತಿರ ತಂದು ಒಬ್ಬಳು ಮೆಲ್ಲಗೆ ಮಾತಾಡಲಿ, ಎದುರು ಬದಿಯವಳು ಗೋಡೆಗೆ ಕಿವಿಗೊಡಲಿ. ಬಾಗಿದ ಗೋಡೆಯ ಗುಂಟ ಸದ್ದು ಸಾಗುವುದು ಅರ್ಥವಾಗುತ್ತದೆ. ಹೊರಗೆ ಬಂದ ಮೇಲೆ ಗುಮ್ಮಟದ ಬುಡವನ್ನು ತೋರಿಸಿ. ಅದು ಕಮಲದ ದಳಗಳ ನಡುವಿನಿಂದ ಮೇಲೆದ್ದಂತಿದೆ. ‘ಈ ಹೂವನ್ನು ಬೇರೆಲ್ಲಿ ಕೆತ್ತಿದ್ದನ್ನು ನೋಡಿದ್ದೀರಿ?’ ಎಂಬ ಒಂದೇ ಪ್ರಶ್ನೆ ಸಾಕು. ತಮ್ಮೂರ ಗುಡಿಯ ಹೆಸರನ್ನು ಮಕ್ಕಳೇ ಹೇಳುತ್ತಾರೆ.

ತೋಪು: ಒಂದು ವಸ್ತು, ಮೂರು ರಾಜ್ಯ

ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ಮಹಮ್ಮದ್ ಬಿನ್ ಹುಸೇನ್ ರೂಮಿ. ‘ರೂಮಿ’ ಎಂದರೆ ತುರ್ಕಿಯ ಕಡೆಯವನು. ತೋಪಿನ ಬಾಯಿ ಆನೆಯನ್ನು ನುಂಗುವ ಸಿಂಹದ ರೂಪದಲ್ಲಿದೆ. ಅದರ ಮೇಲೆ ನಿಜಾಮ್‌ಶಾಹಿಯ ಬರಹವೂ ಇದೆ, ವಿಜಯಪುರವನ್ನು ಗೆದ್ದ ಔರಂಗಜೇಬನ ಬರಹವೂ ಇದೆ. ಅಹ್ಮದ್‌ನಗರ, ವಿಜಯಪುರ, ದೆಹಲಿ ಎಂಬ ಮೂರು ಹೆಸರನ್ನು ಹಲಗೆಯ ಮೇಲೆ ಬರೆದು, ಈ ಮೂವರೂ ಯಾವ ಧರ್ಮದವರು ಎಂದು ಕೇಳಿ. ಮೂವರೂ ಮುಸ್ಲಿಂ ಅರಸರು, ಆದರೂ ತಮ್ಮತಮ್ಮಲ್ಲೇ ಕಾದಾಡಿದವರು. ಯುದ್ಧಗಳಿಗೆ ಧರ್ಮವೊಂದೇ ಕಾರಣ ಎಂಬ ಊಹೆಯನ್ನು ಮಕ್ಕಳು ಇಲ್ಲಿ ತಾವೇ ತಿದ್ದಿಕೊಳ್ಳುತ್ತಾರೆ.

ಇಬ್ರಾಹಿಂ ರೋಜಾದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ನಿಂತ ಸಮಾಧಿ ಮತ್ತು ಮಸೀದಿಯನ್ನು, ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಿಟಕಿಗಳನ್ನು ಹದಿನೈದು ನಿಮಿಷ ಚಿತ್ರ ಬರೆಯಲಿ.

ಕಠಿಣ ಪ್ರಶ್ನೆ ಬಂದಾಗ

ಕರೀಮುದ್ದೀನನ ಮಸೀದಿ 1320ರದು. ಅದರ ಕಂಬಗಳು ಹಳೆಯ ಗುಡಿಗಳವು ಎಂಬುದು ಯಾರಿಗಾದರೂ ಕಾಣುತ್ತದೆ. ಇಂಥ ಕಡೆ ಮಕ್ಕಳಿಂದ ಬರುವ ಪ್ರಶ್ನೆ ಒಂದೇ: ‘ಮೇಡಂ, ಇದು ನಮ್ಮದೇನ್ರಿ, ಅವರದೇನ್ರಿ?’ ಪ್ರಶ್ನೆ ಕೇಳಿದವನೂ ಆ ‘ಅವರ’ ಪೈಕಿಯ ಹುಡುಗನೂ ಒಂದೇ ಬೆಂಚಿನಲ್ಲಿ ಕೂರುವವರು. ಒಬ್ಬ ಸಿಟ್ಟಿನಿಂದ, ಇನ್ನೊಬ್ಬ ತಪ್ಪಿತಸ್ಥನಂತೆ ತಲೆ ತಗ್ಗಿಸಿ ಬಸ್ ಹತ್ತಿದರೆ ಆ ದಿನದ ಪಾಠವೆಲ್ಲ ನೀರಿನಲ್ಲಿ ಹೋಮ.

ಈ ಸ್ಥಳವನ್ನು ಬಿಟ್ಟು ಮುಂದೆ ಹೋಗುವುದು ಪರಿಹಾರವಲ್ಲ. ಮಕ್ಕಳು ಹೇಗೂ ಬೇರೆಡೆ ಕೇಳಿಯೇ ಇರುತ್ತಾರೆ. ಗದರಿಸಿ ಸುಮ್ಮನಾಗಿಸುವುದಂತೂ ಸಲ್ಲದು. ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುವ ಕ್ರಮ ಇದು. ಮೊದಲು, ಕಂಬಗಳು ಗುಡಿಯವು ಎಂಬುದನ್ನು ನೇರವಾಗಿ ಒಪ್ಪಿ. ಎರಡನೆಯದಾಗಿ, ಗುಡಿಯನ್ನು ಕೆಡವಿ ತಂದದ್ದೋ, ಮೊದಲೇ ಬಿದ್ದದ್ದನ್ನು ಬಳಸಿದ್ದೋ ಎಂಬುದನ್ನು ಕಂಬವೊಂದೇ ಹೇಳಲಾರದು, ಅದಕ್ಕೆ ಬೇರೆ ಆಧಾರ ಬೇಕು ಎಂಬುದನ್ನು ತಿಳಿಸಿ. ಮೂರನೆಯದಾಗಿ, ಅಲ್ಲಿನ ಶಾಸನದ ಕಡೆ ಗಮನ ಸೆಳೆಯಿರಿ. ಈ ಮಸೀದಿಯನ್ನು ಕಟ್ಟಿದ ಸೂತ್ರಧಾರಿ ಸಾಲೋಟಗಿಯವನೆಂದು ಅದರಲ್ಲಿದೆ. ಕಟ್ಟಿಸಿದವನು ದೂರದ ಸುಲ್ತಾನನ ಅಧಿಕಾರಿ, ಕಟ್ಟಿದವನು ಪಕ್ಕದೂರಿನವನು. ಕೊನೆಯದಾಗಿ, 1320ರಲ್ಲಿ ಒಬ್ಬ ಅಧಿಕಾರಿ ಮಾಡಿದ್ದಕ್ಕೆ ಏಳನೇ ತರಗತಿಯ ಮಗು ಉತ್ತರ ಕೊಡಬೇಕಾಗಿಲ್ಲ ಎಂಬುದನ್ನು ಎಲ್ಲರಿಗೂ ಕೇಳುವಂತೆ, ಸ್ಪಷ್ಟವಾಗಿ ಹೇಳಿ. ಹೀಗೆ ಮಾಡಿದರೆ ಪ್ರಶ್ನೆ ‘ಯಾರದು?’ ಎಂಬಲ್ಲಿಂದ ‘ನಮಗೆ ಹೇಗೆ ಗೊತ್ತು?’ ಎಂಬಲ್ಲಿಗೆ ಸರಿಯುತ್ತದೆ. ಇತಿಹಾಸದ ಪಾಠ ಶುರುವಾಗುವುದು ಅಲ್ಲಿಂದ.

ಭೇಟಿಯ ನಂತರ

ಮರುದಿನದ ತರಗತಿ ಭೇಟಿಯಷ್ಟೇ ಮುಖ್ಯ. ಕಾರ್ಯಹಾಳೆಯ ಎರಡನೇ ಅಂಕಣದ ಊಹೆಗಳನ್ನು ಹಲಗೆಯ ಮೇಲೆ ಬರೆದು, ಪ್ರತಿಯೊಂದಕ್ಕೂ ಮೊದಲ ಅಂಕಣದಿಂದ ಆಧಾರ ಕೇಳಿ. ಆಧಾರವಿಲ್ಲದ್ದು ಮೂರನೇ ಅಂಕಣಕ್ಕೆ ಹೋಗಲಿ. ಮೌಲ್ಯಮಾಪನದಲ್ಲಿ ‘ಗುಮ್ಮಟದ ವ್ಯಾಸ ಎಷ್ಟು?’ ಎಂಬುದಕ್ಕೆ ಬದಲು, ‘ವಿಜಯಪುರಕ್ಕೆ ಹಲವು ನಾಡಿನ ಜನ ಬಂದಿದ್ದರು ಎನ್ನಲು ನೀನು ಕಂಡ ಎರಡು ಆಧಾರ ಬರೆ’ ಎಂದು ಕೇಳಿ.

ವಿಜಯಪುರಕ್ಕೆ ಹೋಗಲಾಗದ ಶಾಲೆಗಳೂ ಇವೆ. ಊರ ಹಳೆಯ ಬಾವಿ, ದರ್ಗಾ, ಅಗಸೆ ಬಾಗಿಲು, ವೀರಗಲ್ಲು, ಯಾವುದರ ಮುಂದಾದರೂ ಇದೇ ಮೂರು ಅಂಕಣದ ಹಾಳೆ ಹಿಡಿದು ಕೂರಬಹುದು. ಮುಂದಿನ ಬೋಧನಾಭ್ಯಾಸದ ವರದಿಯೊಂದಿಗೆ ಮಕ್ಕಳು ತುಂಬಿದ ಎರಡು ಹಾಳೆಗಳನ್ನು ಲಗತ್ತಿಸಬೇಕೆಂದು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸಿದ್ದೇನೆ. ಊಟದ ಪಟ್ಟಿಗಿಂತ ಅವು ಹೆಚ್ಚು ಉಪಯುಕ್ತ.