ಹುಲಿ ಎಲ್ಲಿದೆ? ಕಾಡನ್ನೇ ಕೇಳಿ!

ಬಂಡೀಪುರದ ಸಫಾರಿ ವ್ಯಾನ್ ಹತ್ತಿದವರದ್ದೆಲ್ಲ ಒಂದೇ ಪ್ರಶ್ನೆ: ಹುಲಿ ಸಿಗುತ್ತಾ? 1973ರಲ್ಲಿ ಶುರುವಾದ ಹುಲಿ ಯೋಜನೆಯ ಮೊದಲ 9 ಕಾಡುಗಳಲ್ಲಿ ಇದೂ ಒಂದು.

ಇಲ್ಲಿ ಅನುಭವಿ ಚಾಲಕರು ಹುಲಿಯನ್ನ ಮೊದಲು ಹುಡುಕೋದು ಕಿವಿಯಿಂದ.

ಮರದ ತುದಿಯಲ್ಲಿ ಮುಸುವ ಕೆಮ್ಮಿದ ಹಾಗೆ ಕೂಗಿತಾ? ಅದಕ್ಕೆ ಏನೋ ಕಂಡಿದೆ. ಜಿಂಕೆ ಬಾಲ ಎತ್ತಿ, ಕಾಲು ಬಡಿದು, ಒಂದೇ ಕಡೆ ದಿಟ್ಟಿಸ್ತಿದೆಯಾ? ನೀವೂ ಅತ್ತ ನೋಡಿ.

ಇವೆರಡೂ ಒಮ್ಮೊಮ್ಮೆ ಸುಮ್ನೆ ಬೆಚ್ಚಿ ಕೂಗೋದುಂಟು. ಕಡವೆಯ ಕೂಗು ಹೆಚ್ಚು ನಂಬಿಕಸ್ತ. ಅದು ಬಿಡದೆ ಕೂಗಿದ್ರೆ ಹುಲಿಯೋ ಚಿರತೆಯೋ ಹತ್ತಿರದಲ್ಲೇ ಇರೋ ಸಾಧ್ಯತೆ ಜಾಸ್ತಿ. ಎಂಜಿನ್ ಆಫ್ ಮಾಡಿ ಕಾಯೋದು ಇದಕ್ಕೇ.

ಹೊರಡೋ ಮುಂಚೆ ಸಫಾರಿ ನಡೀತಿದೆಯಾ ಅಂತ ಅರಣ್ಯ ಇಲಾಖೆಯಿಂದ ತಿಳ್ಕೊಳ್ಳಿ. ವ್ಯಾನ್ ಒಳಗೆ ಮಾತ್ರ ದಯವಿಟ್ಟು ಮಾತು ಬೇಡ!