ಕಣ್ಣಿದ್ದವರಿಗೆ ಕನಕಗಿರಿ, ಕತ್ತಲಾದ ಮೇಲೆ

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಮಾತು ನಮ್ಮ ಸೀಮೆಯಲ್ಲಿ ಮಕ್ಕಳ ಬಾಯಲ್ಲೂ ಇದೆ. ಹಂಪಿಯ ವಿಸ್ತಾರವನ್ನು ಸುತ್ತಲು ಕಾಲಿನ ಕಸುವು ಬೇಕು. ಕನಕಾಚಲಪತಿಯ ಗುಡಿಯಲ್ಲಾದರೋ ನಿಂತಲ್ಲೇ ನಿಂತು ನೋಡುವಷ್ಟು ಕೆಲಸವಿದೆ, ಅದಕ್ಕೆ ಕಣ್ಣು ಬೇಕು ಎಂದು ಹಿರಿಯರು ಅರ್ಥ ಬಿಡಿಸುತ್ತಿದ್ದರು. ಆದರೆ ಈ ಗಾದೆಯನ್ನು ಕಟ್ಟಿದ ಜಾಣ ಒಂದು ಸಂಗತಿಯನ್ನು ಹೇಳದೆ ಬಿಟ್ಟಿದ್ದಾನೆ. ಕಣ್ಣೊಂದಿದ್ದರೆ ಸಾಲದು, ಬೆಳಕೂ ಬೇಕು. ಹಗಲಿನಲ್ಲಿ ಅದನ್ನು ಸೂರ್ಯನು ಪುಕ್ಕಟೆಯಾಗಿ ಕೊಡುತ್ತಾನೆ. ಇರುಳಿನಲ್ಲಿ ಕೊಡುವವರು ಯಾರು? ಎಂಥ ಬೆಳಕನ್ನು ಕೊಡಬೇಕು? ಎಷ್ಟು ದಿನ ಕೊಡಬೇಕು? ಗುಡಿ ಗೋಪುರಗಳಿಗೆ ದೀಪಾಲಂಕಾರ ಮಾಡಿ ರಾತ್ರಿಯಲ್ಲೂ ಪ್ರವಾಸಿಕರನ್ನು ಕರೆಯಬೇಕೆಂಬ ಉತ್ಸಾಹ ಎಲ್ಲೆಡೆ ಹಬ್ಬಿರುವ ಈ ಕಾಲದಲ್ಲಿ, ಕೊಪ್ಪಳ ಜಿಲ್ಲೆಯವನಾದ ನನ್ನನ್ನು ಈ ಮೂರು ಪ್ರಶ್ನೆಗಳು ಕಾಡುತ್ತಿವೆ.

ಕನಕಗಿರಿ ಉತ್ಸವದ ಒಂದು ಸಂಜೆ ನಾಲ್ಕಾರು ವಿದ್ಯಾರ್ಥಿಗಳೊಡನೆ ಹೋಗಿದ್ದೆ. ಊರಿಗೆ ಊರೇ ಬೀದಿಯಲ್ಲಿತ್ತು. ಗೋಪುರದ ಮೇಲೆ ಬಣ್ಣಬಣ್ಣದ ಬೆಳಕನ್ನು ಬಿಟ್ಟಿದ್ದರು. ನಾವು ಕಣ್ಣರಳಿಸಿ ನೋಡುತ್ತಿದ್ದಂತೆ ಅದು ಗುಲಾಬಿಯಾಯಿತು, ಹಸುರಾಯಿತು, ನೀಲಿಯಾಯಿತು. ಮಕ್ಕಳು ಕೇಕೆ ಹಾಕಿದರು. ನನಗೂ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಮೊದಲ ಸಲ ಅಲ್ಲಿಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ನನ್ನ ಬಳಿ ಸರಿದು, “ಸರ್, ಈ ಗೋಪುರದ ಬಣ್ಣ ಖರೇನ ಯಾವುದ್ರೀ?” ಎಂದು ಕೇಳಿದಾಗ ನಾನು ಉತ್ತರಿಸಲು ತಡವರಿಸಿದೆ. ಒಂದು ಗಂಟೆಯ ಹೊತ್ತು ಅದರ ಮುಂದೆಯೇ ನಿಂತಿದ್ದೆವು, ಅದನ್ನು ನೋಡಿರಲಿಲ್ಲ.

ದೀಪಾಲಂಕಾರವೆಂದ ಕೂಡಲೇ ಮೂಗು ಮುರಿಯುವ ಪಂಡಿತರ ಸಾಲಿಗೆ ನಾನು ಸೇರಿದವನಲ್ಲ. ಹಿಂದೊಮ್ಮೆ ಒಂದು ಸಭೆಯಲ್ಲಿ, ‘ಮೈಸೂರಿಗೆ ಬಂದ ಬೆಳಕು ನಮ್ಮ ಗುಡಿಗಳಿಗೇಕೆ ಬರಲಿಲ್ಲ?’ ಎಂದು ಆವೇಶದಿಂದ ಮಾತನಾಡಿ ಚಪ್ಪಾಳೆ ಗಿಟ್ಟಿಸಿದವನು ನಾನೇ. ಆ ಪ್ರಶ್ನೆಯಲ್ಲಿ ಹುರುಳಿಲ್ಲದೆಯೂ ಇಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯನ್ನೇ ನೋಡಿ. ಸಂಜೆಯ ಹೊತ್ತಿಗೆ ಅಂಜನಾದ್ರಿಯ ಮೆಟ್ಟಿಲೇರಿದ ಜನ, ಸೂರ್ಯ ಮುಳುಗಿದೊಡನೆ ಇಳಿದು ಹೊಸಪೇಟೆಯ ವಸತಿಗೃಹಗಳಿಗೆ ಓಡುತ್ತಾರೆ. ಊರಿಗೆ ಉಳಿಯುವುದು ವಾಹನಗಳೆಬ್ಬಿಸಿದ ಧೂಳು. ದಾರಿಯ ಬದಿಯಲ್ಲಿ ಒಗ್ಗರಣಿ, ಮಿರ್ಚಿ ಮಾರುವ ತಾಯಿಯೊಬ್ಬಳು ನನಗೆ ಹೇಳಿದ ಮಾತು ಇದು: “ಉತ್ಸವದಾಗ ಮೂರು ದಿನ ಲೈಟ್ ಹಾಕ್ತಾರ್ರೀ, ಹನ್ನೊಂದರ ತನಕ ಎಣ್ಣಿ ಬುಟ್ಟಿ ಇಳಸಂಗಿಲ್ಲ. ನಾಕನೇ ದಿನ ಅದ ಕತ್ತಲ, ಅದ ನಾನು.” ಒಂದು ರಾತ್ರಿ ತಂಗುವ ಪ್ರವಾಸಿಕನಿಂದ ಅಡುಗೆಯವಳಿಗೆ, ಆಟೋದವನಿಗೆ, ದಾರಿ ತೋರಿಸುವ ಹುಡುಗನಿಗೆ ನಾಲ್ಕು ಕಾಸು ಸಿಗುತ್ತದೆ. ಬೆಳಕಿನ ಹಂಬಲದ ಬೇರು ಇಲ್ಲಿದೆ. ಇದನ್ನು ಹಗುರವಾಗಿ ಕಾಣಲಾಗದು.

ಲೋಕದಲ್ಲಿ ಇದು ಹೊಸ ಯುಕ್ತಿಯೂ ಅಲ್ಲ. ಫ್ರಾನ್ಸಿನ ಷಾಂಬೋರ್ ಅರಮನೆಯಲ್ಲಿ 1952ರಲ್ಲಿ ಧ್ವನಿ-ಬೆಳಕಿನ ಪ್ರದರ್ಶನ ಮೊದಲಾಯಿತು; ದೆಹಲಿಯ ಕೆಂಪುಕೋಟೆಗೆ ಅದು 1965ರಲ್ಲಿ ಬಂದಿತು. ಅದಕ್ಕೂ ಮೊದಲೇ ನಮ್ಮವರು ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನದಲ್ಲಿ ಚಿಮ್ಮುವ ನೀರಿಗೆ ಬಣ್ಣದ ದೀಪ ಹಿಡಿದು ಜನರನ್ನು ಸೆಳೆದಿದ್ದರು. 2019ರಲ್ಲಿ ಕೇಂದ್ರ ಸರ್ಕಾರವು ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ 9ರವರೆಗೆ ತೆರೆದಿಡಲು ತೀರ್ಮಾನಿಸಿದಾಗ, ಆ ಪಟ್ಟಿಯಲ್ಲಿ ನಮ್ಮ ಪಟ್ಟದಕಲ್ಲೂ ಗೋಲಗುಮ್ಮಟವೂ ಇದ್ದವು.

ಎಲ್ಲಕ್ಕಿಂತ ಹೆಸರಾದುದು ಮೈಸೂರು ಅರಮನೆ. ಭಾನುವಾರದ ಸಂಜೆ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ನೆರೆದ ಜನಸ್ತೋಮದಿಂದ ಹೊಮ್ಮುವ ‘ಆಹಾ’ಕಾರವನ್ನು ಕೇಳಿದವರು ಮರೆಯಲಾರರು. ಆದರೆ ಅಲ್ಲಿಯ ಒಂದು ಗುಟ್ಟನ್ನು ನಾನು ಬಹುಕಾಲ ಗಮನಿಸಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು ಮೈಸೂರು ನಗರವನ್ನು ಮುಟ್ಟಿದ್ದು 1908ರಲ್ಲಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟತೊಡಗಿದ ಈ ಹೊಸ ಅರಮನೆ ಪೂರ್ಣವಾದದ್ದು 1912ರಲ್ಲಿ. ಅರಮನೆಯೂ ವಿದ್ಯುದ್ದೀಪವೂ ಒಂದೇ ಕಾಲದ ಕೂಸುಗಳು. ಒಂದರ ಮೈಮೇಲೆ ಇನ್ನೊಂದು ಒಡವೆಯಂತೆ ಒಪ್ಪುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗೆ ಇದೇ ಒಡವೆಯನ್ನು ತೊಡಿಸಿದರೆ ಒಪ್ಪೀತೆ? ಆ ಗುಡಿ ಹುಟ್ಟಿದ್ದು ಬೇರೆ ಬೆಳಕಿನಲ್ಲಿ.

ಆ ಬೇರೆ ಬೆಳಕು ಯಾವುದೆಂದು ನನಗೆ ತಿಳಿದದ್ದು ಇಟಗಿಯಲ್ಲಿ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಈ ಊರಿನ ಮಹಾದೇವ ದೇವಾಲಯವನ್ನು, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದನು. ಅಲ್ಲಿಯ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಒಮ್ಮೆ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು, ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಕಾವಲಿನವರನ್ನು ಬೇಡಿಕೊಂಡು ಒಳಗೆ ಕಾಲಿಟ್ಟಾಗ ಮಂಟಪದಲ್ಲಿ ಮುಸುಕು ಕತ್ತಲೆ. ಹುಡುಗನೊಬ್ಬ ಮೊಬೈಲಿನ ದೀಪವನ್ನು ಕಂಬಕ್ಕೆ ಎದುರಾಗಿ ಹಿಡಿದ. ಕಲ್ಲು ಬಿಳಿಚಿಕೊಂಡಿತು, ಕೆತ್ತನೆ ಮಾಯವಾಯಿತು. “ಎದುರಿಗೆ ಹಿಡೀಬ್ಯಾಡೋ, ಮಗ್ಗಲಿಗೆ ಹಿಡಿ” ಎಂದೆ. ಅವನು ಕೈಯನ್ನು ಕಂಬದ ಪಕ್ಕಕ್ಕೆ ತಂದು ಓರೆಯಾಗಿ ಹಿಡಿದ. ಆಗ ಕಂಡದ್ದನ್ನು ಹೇಗೆ ಬಣ್ಣಿಸಲಿ! ಕಡೆದ ಕಂಬದ ಒಂದೊಂದು ಬಳೆಯೂ ತನ್ನ ನೆರಳಿನೊಡನೆ ಎದ್ದು ನಿಂತಿತು. ನಯಗೊಳಿಸಿದ ಕಲ್ಲು ಬೆಳಕನ್ನು ಕುಡಿದು ಒಳಗಿನಿಂದ ಮಿನುಗಿತು. ಹಗಲಿನಲ್ಲಿ ಹಲವು ಸಲ ನೋಡಿದ್ದ ಕಂಬವದು. ಅಂದು ಮೊದಲ ಸಲ ನೋಡಿದಂತಾಯಿತು.

ಓರೆ ಬೆಳಕಿನ ಈ ಮರ್ಮ ಶಾಸನ ಓದುವವರಿಗೆ ಹೊಸತಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಬರೆಹವಿದೆ. ಅದೂ ಪಾಲ್ಕಿಗುಂಡಿನ ಇನ್ನೊಂದೂ 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಇಂಥ ಸವೆದ ಅಕ್ಷರಗಳು ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿಗೆ ಸಿಕ್ಕುವುದೇ ಕಷ್ಟ. ಎಳೆಬಿಸಿಲಿನಲ್ಲೋ ಇಳಿಬಿಸಿಲಿನಲ್ಲೋ, ಇಲ್ಲವೆ ಕತ್ತಲಾದ ಮೇಲೆ ಒಂದು ದೀಪವನ್ನು ಬಂಡೆಯ ಮಗ್ಗುಲಿಗೆ ಹಿಡಿದೋ ನೋಡಿದರೆ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರಗಳು ಏಳುತ್ತವೆ. ಕೆತ್ತನೆಯೆಂಬುದು ನೆರಳಿನ ಕಲೆ. ಎದುರಿನಿಂದ ಹೊನಲು ಬೆಳಕನ್ನು ಸುರಿದರೆ ನೆರಳು ಸಾಯುತ್ತದೆ. ನೆರಳಿನೊಡನೆ ಶಿಲ್ಪಿಯ ಶ್ರಮವೂ ಸಾಯುತ್ತದೆ. ಅದರ ಮೇಲೆ ಬಣ್ಣವನ್ನೂ ಬಳಿದರೆ ಕಲ್ಲು ಬರಿಯ ಪರದೆಯಾಗುತ್ತದೆ.

ಇನ್ನು ಬೆಳಕು ಎಷ್ಟು ದಿನ ಎಂಬ ಪ್ರಶ್ನೆ. ಇದಕ್ಕೆ ನಮ್ಮ ಶಾಸನಗಳೇ ಉತ್ತರ ಹೇಳುತ್ತವೆ. ದೇವರ ನೈವೇದ್ಯಕ್ಕೆ, ಅಂಗಭೋಗ ರಂಗಭೋಗಗಳಿಗೆ ದತ್ತಿ ಬಿಟ್ಟಂತೆಯೇ ‘ನಂದಾದೀವಿಗೆ’ಗೂ ದತ್ತಿ ಬಿಟ್ಟ ಶಾಸನಗಳು ಕನ್ನಡ ನಾಡಿನ ತುಂಬ ಇವೆ. ನಂದು ಎಂದರೆ ಆರು. ನಂದದ ದೀವಿಗೆಯೇ ನಂದಾದೀವಿಗೆ. ಆ ದಾನಿಗಳು ದೀಪವನ್ನು ಮಾತ್ರ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಹೊಲ ಕೊಟ್ಟರು, ಗಾಣ ಕೊಟ್ಟರು. ‘ಐವತ್ತೊಕ್ಕಲು’ ಎನಿಸಿದ ತೆಲ್ಲಿಗರ ಸಂಘಗಳು ಗಾಣದ ಎಣ್ಣೆಯಲ್ಲಿ ಇಂತಿಷ್ಟೆಂದು ಗೊತ್ತುಮಾಡಿದವು. ಕೊನೆಗೆ, ಈ ಧರ್ಮಕ್ಕೆ ತಪ್ಪಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗಲೆಂದು ಶಾಪವನ್ನೂ ಬರೆಸಿದರು. ನಮ್ಮ ಇಂದಿನ ಗುತ್ತಿಗೆಯ ಕರಾರುಗಳಲ್ಲಿ ಎಷ್ಟೋ ಷರತ್ತುಗಳಿರುತ್ತವೆ. ಇಂಥದೊಂದು ಸಾಲು ಕಾಣೆ! ದೀಪ ಹಚ್ಚುವ ದಿನ ಹಾರ ತುರಾಯಿಗಳಿಗೆ ಕೊರತೆಯಿಲ್ಲ. ಮರುತಿಂಗಳ ವಿದ್ಯುತ್ ಬಿಲ್ಲಿಗೆ, ಕೆಟ್ಟ ಬಲ್ಬಿಗೆ, ಇಲಿ ಕಡಿದ ತಂತಿಗೆ ದತ್ತಿ ಯಾವುದು? ದೀಪ ಹಚ್ಚುವುದು ಸುಲಭ. ಎಣ್ಣೆ ಹೊಯ್ಯುವವರು ಬೇಕು.

ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟು ಈ ಮಾತನ್ನು ನನಗೆ ಮತ್ತೊಮ್ಮೆ ನೆನಪಿಸಿತು. ಜಲಾಶಯ ತುಂಬಿ, 33 ತೂಬುಗಳಲ್ಲಿ ನೀರು ಧುಮ್ಮಿಕ್ಕುವಾಗ ಅದಕ್ಕೆ ಬಣ್ಣದ ಬೆಳಕು ಹಿಡಿಯುವುದುಂಟು. ನೋಡಲು ಸುತ್ತಲಿನ ಊರುಗಳ ಜನ ಕಿಕ್ಕಿರಿಯುತ್ತಾರೆ. ನಾನೂ ಮನೆಮಂದಿಯೊಡನೆ ಹೋಗಿ ಮೈಮರೆತಿದ್ದೇನೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಹರಿದುಹೋದದ್ದು ನಾಲ್ಕು ಜಿಲ್ಲೆಗಳ ರೈತರ ಬೆಳೆಯ ನೀರು. ತುಂಬಿ ಹರಿಯುವ ಹೊಳೆಯಲ್ಲೇ ನಿಂತು ಕೆಲಸಗಾರರು ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದ ಸಾಹಸವನ್ನು ನಾಡೆಲ್ಲ ಕೊಂಡಾಡಿತು. ಅಷ್ಟು ವರ್ಷ ಬಣ್ಣದ ನೀರನ್ನು ನೋಡಿದ ನಾನು ಒಂದು ದಿನವಾದರೂ ಆ ಸರಪಳಿಗಳ ಕಡೆಗೆ ಕಣ್ಣು ಹಾಯಿಸಿದ್ದೆನೆ? ಇಲ್ಲ. ಬೆಳಕು ತೋರಿಸಿದ್ದನ್ನಷ್ಟೇ ನೋಡಿದ್ದೆ.

ಹಾಗಾದರೆ ದೀಪ ಬೇಡವೆ? ಬೇಕು, ಆದರೆ ಅಳತೆಯಲ್ಲಿ ಬೇಕು. ಎಣ್ಣೆದೀಪದ ಬಣ್ಣಕ್ಕೆ ಹತ್ತಿರವಾದ ಮೆಲುಬೆಳಕು, ಕಲ್ಲಿಗೆ ಮೊಳೆ ಹೊಡೆಯದೆ ನೆಲದಲ್ಲಿಟ್ಟು ಓರೆಯಾಗಿ ಹಾಯಿಸಿದ ಬೆಳಕು ಸಾಕು. ಈಗಿನ ಎಲ್‌ಇಡಿ ದೀಪಗಳಿಗೆ ಹಿಂದಿನವುಗಳಷ್ಟು ಕಾವೂ ಇಲ್ಲ, ವೆಚ್ಚವೂ ಇಲ್ಲ. ವರ್ಷಕ್ಕೆ ಮೂರು ದಿನ ಕಣ್ಣು ಕುಕ್ಕುವುದಕ್ಕಿಂತ ವಾರಕ್ಕೆರಡು ಸಂಜೆ, ಒಂದೆರಡು ಗಂಟೆ, ತಪ್ಪದೆ ಬೆಳಗಿದರೆ ಪ್ರವಾಸಿಕನು ನಂಬಿ ಬರುತ್ತಾನೆ. ಒಗ್ಗರಣಿ ಮಾರುವ ಆ ತಾಯಿಯೂ ನಂಬಿ ಬುಟ್ಟಿ ತರುತ್ತಾಳೆ. ಜೊತೆಗೆ ಕಥೆ ಹೇಳಬಲ್ಲ ಊರಿನ ಹುಡುಗ ಹುಡುಗಿಯರಿರಲಿ. ಯಂತ್ರದ ಗಡಸು ಧ್ವನಿಗಿಂತ ಅವರ ಕನ್ನಡ ಮೇಲು.

ಹೊತ್ತು ಮೀರಿದ ಮೇಲೆ ಕತ್ತಲೆಯನ್ನು ಅದರ ಒಡೆಯರಿಗೆ ಬಿಟ್ಟುಕೊಡಬೇಕು. ಆನೆಗೊಂದಿಯ ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ. ಗುಡಿಯ ಸಂದುಗಳಲ್ಲಿ ಬಾವಲಿಗಳಿವೆ. ಇರುಳೆಲ್ಲ ಉರಿಯುವ ದೀಪ ಅವುಗಳ ದಾರಿ ತಪ್ಪಿಸುತ್ತದೆ. ಮಳೆಗಾಲದಲ್ಲಿ ಹುಳುಗಳನ್ನು ರಾಶಿರಾಶಿಯಾಗಿ ಕರೆದು ಕೊಲ್ಲುತ್ತದೆ. ಕತ್ತಲೆಯೂ ನೋಡತಕ್ಕ ವಸ್ತುವೇ. ಕುಷ್ಟಗಿಯ ಕಡೆಯ ಬಯಲಿನಲ್ಲಿ ಅಮಾವಾಸ್ಯೆಯ ಆಸುಪಾಸು ಒಂದು ರಾತ್ರಿ ನಿಂತು ತಲೆಯೆತ್ತಿದವರಿಗೆ ನನ್ನ ಮಾತು ತಿಳಿಯುತ್ತದೆ. ಅಲ್ಲಿ ಗುಡಿಯಿಲ್ಲ, ಗೋಪುರವಿಲ್ಲ, ತುದಿಮೊದಲಿಲ್ಲದ ಚುಕ್ಕೆಗಳಿವೆ. ದೊಡ್ಡ ಪಟ್ಟಣಗಳ ಮಕ್ಕಳು ಅವನ್ನು ಕಂಡೇ ಇಲ್ಲ.

ಕನಕಗಿರಿಯ ಆ ರಾತ್ರಿಗೆ ಮರಳುತ್ತೇನೆ. ಕಾರ್ಯಕ್ರಮ ಮುಗಿಯಿತು, ಬಣ್ಣದ ದೀಪಗಳು ಒಮ್ಮೆಗೇ ಹೋದವು. ಜನ ‘ಓ’ ಎಂದು ನಿಟ್ಟುಸಿರಿಟ್ಟು ಚದುರಿದರು. ನಾವು ವಾಹನಕ್ಕಾಗಿ ಕಾಯುತ್ತ ನಿಂತೆವು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಗೋಪುರ ಆಕಾಶದೆದುರು ಮೆಲ್ಲಗೆ ಮೂಡಿತು. ಪಕ್ಕದ ಮನೆಯ ಕಟ್ಟೆಯ ಗೂಡಿನಲ್ಲಿ ಯಾರೋ ಇಟ್ಟಿದ್ದ ಹಣತೆಯೊಂದು ಉರಿಯುತ್ತಿತ್ತು. ನನ್ನ ತಾಯಿ ಮಲಗುವ ಮುನ್ನ ದೀಪ ಆರಿಸು ಎಂದು ಎಂದೂ ಹೇಳಿದವಳಲ್ಲ. ‘ಆರಿಸು’ ಎಂಬುದು ಅಶುಭದ ಮಾತು. ಅವಳು ಹೇಳುತ್ತಿದ್ದುದು, “ದೀಪ ದೊಡ್ಡದು ಮಾಡಪ್ಪ” ಎಂದು. ಆ ಮಾತಿನ ಅರ್ಥ ಆ ಹೊತ್ತಿನಲ್ಲಿ ನನಗೆ ಹೊಸದಾಗಿ ಹೊಳೆಯಿತು. ಬಣ್ಣ ಕೇಳಿದ್ದ ವಿದ್ಯಾರ್ಥಿ ಇನ್ನೂ ಗೋಪುರವನ್ನೇ ನೋಡುತ್ತ ನಿಂತಿದ್ದ. ವಾಹನ ಬಂದರೂ ಅವನನ್ನು ಎರಡು ಸಲ ಕೂಗಬೇಕಾಯಿತು.