ಚಕ್ರಿಗೆ ದಾರಿ: ದ್ವಿಚಕ್ರಪಥ ವಿಚಾರ

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾರು ಯಾರಿಗೆ ದಾರಿ ಬಿಡತಕ್ಕದ್ದೆಂಬ ವಿಷಯವು ಬರುತ್ತದೆ. ಮುದುಕ, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ಅರಸು, ಮದುವಣಿಗ ಇವರೆಲ್ಲರಿಗೂ ಮುಂಚೆ ಅಲ್ಲಿ ಎಣಿಸಲ್ಪಟ್ಟಿರುವವನು 'ಚಕ್ರಿ'. ಗೌತಮಧರ್ಮಸೂತ್ರದಲ್ಲಿಯೂ ಈ ಗಣನೆಯು ಅವನಿಂದಲೇ ಮೊದಲಾಗುತ್ತದೆ. ಕನ್ನಡ ಕಾವ್ಯಗಳಲ್ಲಿ ಪಳಗಿದವರಿಗೆ ಚಕ್ರಿಯೆಂದೊಡನೆ ವಿಷ್ಣುವೋ ಭರತಚಕ್ರವರ್ತಿಯೋ ನೆನಪಾಗುವುದು ಸಹಜ. ಆದರೆ ಇಲ್ಲಿ ಆ ಶಬ್ದಕ್ಕೆ ಗಾಲಿಯುಳ್ಳ ವಾಹನದಲ್ಲಿ ಹೋಗುವವನೆಂದಿಷ್ಟೇ ಅರ್ಥ. ನಡೆಯುವವನು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ನಿಲ್ಲಬಲ್ಲನು. ಗಾಲಿಯ ಮೇಲಿರುವವನಿಗೆ ಅದು ಅಷ್ಟು ಸುಲಭವಲ್ಲ. ಆದುದರಿಂದ ಅವನಿಗೆ ಮೊದಲು ದಾರಿ. ನಿಯಮದ ಮೂಲವು ಗೌರವವಲ್ಲ, ಸೌಕರ್ಯವೂ ಅಲ್ಲ, ಅಶಕ್ತತೆ ಎಂದು ನನಗೆ ತೋರುತ್ತದೆ. ಅರಸನನ್ನು ಬಿಟ್ಟರೆ ಪಟ್ಟಿಯಲ್ಲಿರುವವರಲ್ಲಿ ಬಹುಮಂದಿ ಥಟ್ಟನೆ ಸರಿಯಲಾರದವರೇ.

ಈಗಿನ ಕಾಲದಲ್ಲಿ ಥಟ್ಟನೆ ಸರಿಯಲಾರದ ಚಕ್ರಿಯು ಯಾರು? ಯಂತ್ರಬಲವಿಲ್ಲದೆ ತನ್ನ ಕಾಲಿನಿಂದಲೇ ಎರಡು ಗಾಲಿಗಳನ್ನು ಉರುಳಿಸುವ ಸೈಕಲ್ ಸವಾರನು. ಬೈಸಿಕಲ್ಲಿಗೆ ದ್ವಿಚಕ್ರಿಕೆಯೆಂದೂ ಪಾದಚಕ್ರವೆಂದೂ ಹೆಸರಿಡುವ ಆಸೆಯು ನಮ್ಮಂಥ ಪಂಡಿತರಿಗೆ ಉಂಟು. ಜನರು ಸೈಕಲ್ಲೆಂದು ಕರೆದು ಒಂದು ಶತಮಾನವೇ ಕಳೆದಿದೆ; ಅವರ ಶಬ್ದವೇ ನಿಲ್ಲಲಿ. ಆ ಸೈಕಲ್ಲಿಗೆ ಬೀದಿಯಲ್ಲಿ ಪ್ರತ್ಯೇಕವಾದ ಪಥವು ಬೇಕೇ, ಬೇಕಾದರೆ ಅದು ಹೇಗೆ ಹುಟ್ಟುತ್ತದೆ, ಹುಟ್ಟಿದುದು ಏತಕ್ಕೆ ಅಳಿಯುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ.

ಈ ಪ್ರಶ್ನೆಯನ್ನು ದೊಡ್ಡ ನಗರಗಳ ಪ್ರಶ್ನೆಯೆಂದು ಬಗೆಯುವವರುಂಟು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬ ಐದು ಊರುಗಳನ್ನು ನೋಡಿದರೆ ಆ ಅಭಿಪ್ರಾಯವು ನಿಲ್ಲದು. ಆ ಸೀಮೆಯ ನೆಲದಡಿಯಲ್ಲಿರುವುದು ಸುಣ್ಣಕಲ್ಲು. ಅದೇ ಶಹಾಬಾದಿನ ಹಾಸುಗಲ್ಲಾಗಿ ಮನೆಮನೆಯ ನೆಲವನ್ನು ಸೇರುತ್ತದೆ. ಅದೇ ವಾಡಿಯಲ್ಲಿಯೂ ಸೇಡಂನಲ್ಲಿಯೂ ಮಳಖೇಡದಲ್ಲಿಯೂ ಸಿಮೆಂಟಾಗುತ್ತದೆ. ಕಲ್ಲೂ ಭಾರ, ಸಿಮೆಂಟೂ ಭಾರ. ರೈಲಿನಲ್ಲಿ ಹೋದುದು ಹೋಗಿ ಉಳಿದುದೆಲ್ಲವೂ ಲಾರಿಯಲ್ಲಿಯೇ ಹೋಗಬೇಕು. ಹೀಗಾಗಿ ಸಣ್ಣ ಊರುಗಳ ಬೀದಿಗಳಲ್ಲಿ ಮಹಾನಗರದಲ್ಲಿಯೂ ಅಪೂರ್ವವಾದ ಭಾರವಾಹನಗಳು ಸಂಚರಿಸುತ್ತವೆ. ಅವುಗಳ ಪಕ್ಕದಲ್ಲಿ ಗಣಿಯ ಕೂಲಿಕಾರನಿಗೂ ಪಾಳಿಗೆ ಹೋಗುವ ಕೆಲಸಗಾರನಿಗೂ ಶಾಲೆಯ ಮಕ್ಕಳಿಗೂ ಉಳಿಯುವುದು ಡಾಂಬರಿನ ಅಂಚು, ಅಂಚಿನಾಚೆ ಎರೆಮಣ್ಣು. ಮಳೆಗಾಲದಲ್ಲಿ ಎರೆಯ ಸ್ವಭಾವವೇನೆಂಬುದನ್ನು ಆ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಲಾರಿಯ ಕೊಂಬಿಗೆ ಬೆದರಿ ಅಂಚನ್ನು ಬಿಟ್ಟವನ ಗಾಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಬಿಡದವನು ಲಾರಿಯ ಗಾಲಿಗೆ ಸಮೀಪನಾಗುತ್ತಾನೆ.

ಇಲ್ಲಿ ಸರ್ಕಾರದ ಒಂದು ಸತ್ಕಾರ್ಯವನ್ನೂ ಅದರ ಅಪೂರ್ಣತೆಯನ್ನೂ ನೆನೆಯಬೇಕು. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಬಳಿಕ ಅದು ಗಂಡುಮಕ್ಕಳಿಗೂ ವಿಸ್ತರಿಸಿತು. 2020ರ ಮಹಾಮಾರಿಯ ಕಾಲದಲ್ಲಿ ವಿತರಣೆಯು ನಿಂತಿತಾದರೂ, ಅದಕ್ಕೆ ಮುಂಚಿನ ವರ್ಷಗಳಲ್ಲಿ ಹಳ್ಳಿಯಿಂದ ಹೋಬಳಿಯ ಪ್ರೌಢಶಾಲೆಗೆ ಬಂದ ಹುಡುಗಿಯರೆಷ್ಟೋ ಮಂದಿ ಆ ಸೈಕಲ್ಲಿನ ಋಣದಲ್ಲಿದ್ದಾರೆ. ಈ ಪತ್ರಿಕೆಯ ಓದುಗರಲ್ಲಿ ಅನೇಕರು ಉಪಾಧ್ಯಾಯರು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಆ ಸೈಕಲ್ಲುಗಳನ್ನು ಅವರು ಕಂಡೇ ಇರುವರು. ವಾಹನವನ್ನು ಕೊಟ್ಟ ಕೈ ದಾರಿಯನ್ನು ಕೊಡಲಿಲ್ಲ. ಇಲಾಖೆಗಳು ಬೇರೆಬೇರೆ, ವಾಹನವು ಶಿಕ್ಷಣದ್ದು, ದಾರಿಯು ಲೋಕೋಪಯೋಗಿಯದು.

ದಾರಿಯನ್ನು ಅದರಲ್ಲಿ ನಡೆಯುವವರಿಗೆ ಅನುಗುಣವಾಗಿ ಬೇರ್ಪಡಿಸುವ ಯೋಚನೆಯು ಪಾಶ್ಚಾತ್ಯರಿಂದ ಬಂದುದೆಂದು ತಿಳಿಯುವುದು ಸರಿಯಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಪಥಗಳ ಅಗಲವು ನಿರ್ಣಯಿಸಲ್ಪಟ್ಟಿದೆ. ಆನೆಗಳ ದಾರಿಗೂ ಹೊಲದ ದಾರಿಗೂ ಎರಡು ದಂಡ. ರಥದ ದಾರಿಗೆ ಐದು ಅರತ್ನಿ. ದನಗಳ ದಾರಿಗೆ ನಾಲ್ಕು. ಕುರಿಮೇಕೆಗಳಿಗೂ ಮನುಷ್ಯರಿಗೂ ಎರಡು. ಅರತ್ನಿಯು 24 ಅಂಗುಲ, ಎಂದರೆ ಸುಮಾರು ಒಂದೂವರೆ ಅಡಿ. ಮನುಷ್ಯನ ದಾರಿಯು ಮೂರಡಿಯಾಯಿತು. ಇಷ್ಟರಿಂದಲೇ ಕೌಟಿಲ್ಯನು ತೃಪ್ತನಾಗಲಿಲ್ಲ. ಮೂರನೆಯ ಅಧಿಕರಣದಲ್ಲಿ ಪಥಗಳನ್ನು ಅಡ್ಡಗಟ್ಟುವವರಿಗೆ ದಂಡವನ್ನು ವಿಧಿಸುತ್ತಾನೆ: ಮನುಷ್ಯರ ಸಣ್ಣ ದಾರಿಯನ್ನು ಕಟ್ಟಿದವನಿಗೆ 12 ಪಣ, ದೊಡ್ಡ ಪಶುಗಳ ದಾರಿಯನ್ನು ಕಟ್ಟಿದವನಿಗೆ 24. ಅಗಲವನ್ನು ಹೇಳುವ ಭಾಗವು ದುರ್ಗನಿವೇಶದ್ದು, ಎಂದರೆ ಶಿಲ್ಪಿಗೆ ಸಂಬಂಧಿಸಿದುದು. ದಂಡವನ್ನು ಹೇಳುವ ಭಾಗವು ಧರ್ಮಸ್ಥೀಯದ್ದು, ನ್ಯಾಯಾಧಿಕಾರಿಗೆ ಸಂಬಂಧಿಸಿದುದು. ದಾರಿಯು ಇವೆರಡೂ ಕೂಡಿದಲ್ಲಿ ಮಾತ್ರ ದಾರಿ. ಅಗಲವಿದ್ದು ರಕ್ಷಣೆಯಿಲ್ಲದ ಪಥವು ಬರಿಯ ಗೆರೆ. ನಾನು ಮುಂದೆ ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ವಿವರಣೆಯೇ.

ಇಂದಿನ ಶಿಲ್ಪಶಾಸ್ತ್ರವು ಇದಕ್ಕೆ ಬಹಳ ದೂರವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯು 1962ರಲ್ಲಿ ಸೈಕಲ್ ಪಥಗಳ ವಿಷಯದಲ್ಲಿ ಒಂದು ನಿಯಮಾವಳಿಯನ್ನು ಪ್ರಕಟಿಸಿತು. 2015ರಲ್ಲಿ ಅದು ಪರಿಷ್ಕೃತವಾಯಿತು. ಹಳೆಯ ನಿಯಮಾವಳಿಯ ಪ್ರಕಾರ ಒಬ್ಬ ಸವಾರನ ಸಾಲಿಗೆ ಒಂದು ಮೀಟರು ಅಗಲ, ಪಥಕ್ಕೆ ಕನಿಷ್ಠ ಎರಡು ಸಾಲು. ಒಂದು ಮೀಟರಿಗೂ ಎರಡು ಅರತ್ನಿಗೂ ಅಂತರವು ಮೂರು ನಾಲ್ಕು ಬೆರಳಿನಷ್ಟು! ಮನುಷ್ಯನ ಹೆಗಲಿನ ಅಗಲವು ಮೌರ್ಯರ ಕಾಲದಿಂದ ಬದಲಾಗಿಲ್ಲವಾದುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅದಕ್ಕಿಂತ ಮುಖ್ಯವಾದುದು ಆ ನಿಯಮಾವಳಿಯಲ್ಲಿದ್ದ ಎಣಿಕೆ. ದಟ್ಟಣೆಯ ಒಂದು ಗಂಟೆಯಲ್ಲಿ 400 ಸೈಕಲ್ಲುಗಳು ಹೋಗುವ ರಸ್ತೆಯಲ್ಲಿ ಮೋಟಾರು ವಾಹನಗಳು ಗಂಟೆಗೆ 100ರಿಂದ 200ರವರೆಗೆ ಇದ್ದರೆ ಪ್ರತ್ಯೇಕ ಪಥವನ್ನು ಮಾಡಬಹುದು. ಮೋಟಾರುಗಳು 200ನ್ನು ಮೀರಿದರೆ ಸೈಕಲ್ಲುಗಳು 100 ಇದ್ದರೂ ಸಾಕು. ಎಂದರೆ ಅಪಾಯವು ಹೆಚ್ಚಿದಷ್ಟೂ ಸವಾರರ ಸಂಖ್ಯೆಯು ಕಡಮೆಯಿದ್ದರೂ ಅವರ ಹಕ್ಕು ಬಲವಾಗುತ್ತದೆ. ಚಕ್ರಿಗೆ ಮೊದಲು ದಾರಿಯೆಂದ ಧರ್ಮಶಾಸ್ತ್ರದ ನ್ಯಾಯವೇ ಇಲ್ಲಿ ಅಂಕಿಗಳ ವೇಷದಲ್ಲಿ ಬಂದಿದೆ.

ಇನ್ನು ವ್ಯವಹಾರ. ಕರ್ನಾಟಕದಲ್ಲಿ ಸವಾರರೂ ಆಡಳಿತವೂ ಜತೆಗೂಡಿ ಪಥಗಳನ್ನು ಮಾಡಹೊರಟ ಕಥೆಯು ಮುಖ್ಯವಾಗಿ ಬೆಂಗಳೂರಿನದು. ಅಲ್ಲಿ ಜಯನಗರದ ಬೀದಿಗಳಲ್ಲಿ 2012ರ ಸುಮಾರಿಗೆ ಸೈಕಲ್ ಪಥಗಳನ್ನು ಗುರುತು ಹಾಕಲಾಯಿತು. ಬಣ್ಣ ಬಂತು, ಫಲಕ ಬಂತು. ಅನಂತರ ಅವುಗಳ ಮೇಲೆ ಕಾರುಗಳು ಬಂದು ನಿಂತವು. ಅಗಲವಿತ್ತು, ಹನ್ನೆರಡು ಪಣದ ದಂಡವಿರಲಿಲ್ಲ. ಮನೆಯ ಮುಂದಣ ಜಾಗವು ತನ್ನ ಕಾರಿನದೆಂದು ನಂಬಿದ ಗೃಹಸ್ಥನನ್ನು ಯಾರೂ ಮೊದಲೇ ಕೇಳಿ ಒಪ್ಪಿಸಿದಂತೆ ಕಾಣಲಿಲ್ಲ.

ಮುಂದಿನ ಪ್ರಯತ್ನಗಳಲ್ಲಿ ಈ ದೋಷವನ್ನು ತಿದ್ದಿಕೊಳ್ಳುವ ಬುದ್ಧಿಯು ಕಂಡುಬರುತ್ತದೆ. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯವು 2013ರಿಂದ 'ಸೈಕಲ್ ದಿನ'ವೆಂಬುದನ್ನು ನಡೆಸತೊಡಗಿತು. ಒಂದು ಬೀದಿಯನ್ನು ಒಂದು ಬೆಳಗ್ಗೆ ಮೋಟಾರುಗಳಿಗೆ ಮುಚ್ಚಿ ಮಕ್ಕಳಿಗೂ ಸವಾರರಿಗೂ ತೆರೆಯುವುದು ಅದರ ಕ್ರಮ. ನಡೆಸುವವರು ಆಯಾ ಬಡಾವಣೆಯ ನಿವಾಸಿಗಳು. ಅನಂತರ ನಿವಾಸಿಗಳ ಸಂಘಗಳೊಡನೆ ನಿರ್ದೇಶನಾಲಯವು ಒಡಂಬಡಿಕೆಗಳನ್ನೇ ಮಾಡಿಕೊಂಡಿತು: ತಮ್ಮ ಬಡಾವಣೆಗೆ ಏನು ಬೇಕೆಂಬುದನ್ನು ನಿವಾಸಿಗಳು ಹೇಳುವುದು, ತಾಂತ್ರಿಕ ಸಹಾಯವನ್ನು ನಿರ್ದೇಶನಾಲಯವು ಕೊಡುವುದು. ದೊಡ್ಡನೆಕ್ಕುಂದಿಯ ಸೈಕಲ್ ಪಥಗಳು ಈ ಬಗೆಯ ಸಹಕಾರದ ಫಲ. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳೊಡನೆ ಆರಂಭವಾದ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ವ್ಯವಸ್ಥೆಯು ಬೇರೊಂದು ಪ್ರಕರಣ. ಅದು ವಾಹನದ ವಿಚಾರವೇ ಹೊರತು ದಾರಿಯದಲ್ಲ.

2020ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ತಾತ್ಕಾಲಿಕ ಪಥವೊಂದು ಸಿದ್ಧವಾಗತೊಡಗಿತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರು. ಗೂಟಗಳನ್ನು ನೆಟ್ಟು ಬೇರ್ಪಡಿಸಿದ ಪಥ. ಆಮ್‌ಸ್ಟರ್‌ಡಾಮಿನ ಬಿವೈಸಿಎಸ್ ಸಂಸ್ಥೆಯಿಂದ ಬೆಂಗಳೂರಿನ 'ಬೈಸಿಕಲ್ ಮೇಯರ್' ಎಂದು ಹೆಸರಿಸಲ್ಪಟ್ಟ ಸತ್ಯ ಶಂಕರನ್ ಮೊದಲಾದ ಸವಾರರು ಇಂಥ ಪಥಗಳಿಗಾಗಿ ಅಧಿಕಾರಿಗಳೊಡನೆ ಸತತವಾಗಿ ವ್ಯವಹರಿಸಿದವರು. ಕೇಂದ್ರ ಸರ್ಕಾರದ ಸೈಕಲ್ ಸ್ಪರ್ಧೆಯಲ್ಲಿ 2021ರಲ್ಲಿ ಆಯ್ಕೆಯಾದ 11 ನಗರಗಳಲ್ಲಿ ಬೆಂಗಳೂರೂ ಒಂದಾಯಿತು. ಆದರೆ ಪ್ರಶಸ್ತಿಯ ಸುದ್ದಿಯು ಹಳತಾಗುವ ಮೊದಲೇ ಪಥವು ಹಾಳಾಗುತ್ತ ಬಂದಿತು. ಮೋಟಾರ್ ಸೈಕಲ್ಲುಗಳು ಅದರೊಳಗೆ ನುಗ್ಗಿದವು, ಗೂಟಗಳು ಮುರಿದವು, ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿಯು ಮೊದಲಾದಾಗ ಪಥವು ಅಳಿದುಹೋಯಿತು. ಸವಾರರ ಶ್ರಮವು ವ್ಯರ್ಥವೆಂದು ನಾನು ಹೇಳಲಾರೆ. ಆದರೆ ತಾತ್ಕಾಲಿಕವೆಂದು ಹುಟ್ಟಿದುದಕ್ಕೆ ವಾದಿಸುವ ನ್ಯಾಯಸ್ಥಾನವಿಲ್ಲ. ಬೇರೊಂದು ಕಾಮಗಾರಿಯು ಎದುರಾದಾಗ ಮೊದಲು ಬಿಟ್ಟುಕೊಡುವುದು ಅದನ್ನೇ. ಪಥಗಳಿಗೆ ಶಾಸನದ ಆಧಾರವನ್ನು ಕೊಡುವುದಕ್ಕಾಗಿ ಅದೇ ನಿರ್ದೇಶನಾಲಯವು ಸಕ್ರಿಯ ಸಂಚಾರ ಮಸೂದೆಯ ಕರಡೊಂದನ್ನು ಸಿದ್ಧಪಡಿಸಿದುದು ಈ ಅನುಭವದ ಬೆನ್ನಿಗೇ ಎಂಬುದನ್ನು ಗಮನಿಸಬೇಕು.

ಪ್ರತ್ಯೇಕ ಪಥವನ್ನು ಸವಾರರೇ ವಿರೋಧಿಸಿದ ಪ್ರಸಂಗವೂ ಉಂಟು. ಲಂಡನ್ನಿನ ವೆಸ್ಟರ್ನ್ ಅವೆನ್ಯೂ ರಸ್ತೆಯಲ್ಲಿ 1934ರ ಡಿಸೆಂಬರಿನಲ್ಲಿ ಎರಡೂವರೆ ಮೈಲಿ ಉದ್ದದ ಸೈಕಲ್ ಪಥವನ್ನು ಮಂತ್ರಿಗಳೇ ತೆರೆದಾಗ ಅಲ್ಲಿನ ಸೈಕಲ್ ಪ್ರವಾಸಿಗಳ ಸಂಘವು ಅದನ್ನು ಒಪ್ಪಲಿಲ್ಲ. ಇಂದು ಪಕ್ಕದ ಪಥವನ್ನು ಕೊಟ್ಟವರು ನಾಳೆ ಹೆದ್ದಾರಿಯನ್ನು ಕಿತ್ತುಕೊಳ್ಳುವರೆಂಬ ಶಂಕೆ. ಇದನ್ನು ಕೇವಲ ಹಟವೆನ್ನಲಾಗದು. 2013ರಲ್ಲಿ ಕಲ್ಕತ್ತೆಯ ಪೊಲೀಸರು ಪಕ್ಕದ ಪಥವನ್ನೂ ಕೊಡದೆ 170ಕ್ಕೂ ಹೆಚ್ಚು ಬೀದಿಗಳಲ್ಲಿ ಸೈಕಲ್ಲನ್ನು ನಿಷೇಧಿಸಿದರು. 2019ರಲ್ಲಿ ತಿದ್ದಲ್ಪಟ್ಟ ಮೋಟಾರು ವಾಹನಗಳ ಕಾಯಿದೆಯು ಯಂತ್ರರಹಿತ ವಾಹನಗಳ ಸಂಚಾರವನ್ನೂ ಪ್ರವೇಶವನ್ನೂ ನಿಯಂತ್ರಿಸುವ ನಿಯಮಗಳನ್ನು ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ನಿಯಂತ್ರಣವೆಂಬ ಶಬ್ದವು ಎರಡಂಚಿನದು: ದಾರಿಯನ್ನು ಕೊಡುವುದೂ ನಿಯಂತ್ರಣವೇ, ಕೊಡದಿರುವುದೂ ನಿಯಂತ್ರಣವೇ. ನಿಯಮವನ್ನು ಬರೆಯುವಾಗ ಸವಾರನು ಆ ಕೋಣೆಯಲ್ಲಿರಬೇಕಾದುದು ಇದಕ್ಕಾಗಿಯೇ. ಹಾಲೆಂಡಿನಲ್ಲಿ 1971ರೊಂದರಲ್ಲಿಯೇ ರಸ್ತೆಗಳಲ್ಲಿ ಸುಮಾರು 3,300 ಜನರು ಸತ್ತರು. ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ತಾಯಿತಂದೆಗಳು ಬೀದಿಗಿಳಿದರು; 1975ರಲ್ಲಿ ಸವಾರರ ಸಂಘವು ಸ್ಥಾಪಿತವಾಯಿತು. ಅಂದಿನಿಂದ ಊರೂರಿನಲ್ಲಿ ಆ ಸಂಘದ ಶಾಖೆಗಳು ಪೌರಸಭೆಯೊಡನೆ ಕುಳಿತು ಪಥಗಳ ವಿಚಾರವನ್ನು ಮಾಡುತ್ತ ಬಂದಿವೆ.

ನಮ್ಮ ಐದು ಊರುಗಳಿಗೆ ಮರಳೋಣ. ಶಹಾಬಾದಿನಲ್ಲಿರುವುದು ನಗರಸಭೆ, ಉಳಿದ ನಾಲ್ಕರಲ್ಲಿ ಪುರಸಭೆಗಳು. ಬೀದಿಗಳನ್ನು ಕಾಪಾಡುವುದೂ ಅವುಗಳಲ್ಲಿನ ಅಡ್ಡಿಗಳನ್ನು ತೆಗೆಯುವುದೂ 1964ರ ಪೌರಸಭೆಗಳ ಕಾಯಿದೆಯ ಪ್ರಕಾರ ಇವುಗಳ ಕರ್ತವ್ಯ. ಆದರೆ ಊರಿನ ನಡುವೆ ಹಾಯುವ ದೊಡ್ಡ ರಸ್ತೆಯು, ಎಂದರೆ ಲಾರಿಯು ಬರುವ ರಸ್ತೆಯೇ, ಬಹಳ ಕಡೆಗಳಲ್ಲಿ ಪುರಸಭೆಯದಾಗಿರದೆ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿಯವರದೋ ಆಗಿರುತ್ತದೆ. ಅರ್ಜಿಯನ್ನು ಹಿಡಿದು ಹೋದವನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಅಲೆಯುವುದಕ್ಕೆ ಇದೇ ಕಾರಣ. ಆದುದರಿಂದ ಯಾವ ರಸ್ತೆಯು ಯಾರದೆಂಬುದನ್ನು ಮೊದಲು ಲಿಖಿತವಾಗಿ ತಿಳಿದುಕೊಳ್ಳತಕ್ಕದ್ದು. ಅಂಚಿನಲ್ಲಿ ಕುಳಿತು ಮಾರುವವರನ್ನು ಎಬ್ಬಿಸಿಬಿಟ್ಟರೆ ಪಥವಾಯಿತೆಂದು ತಿಳಿಯುವುದೂ ತಪ್ಪು. 2014ರ ಕಾಯಿದೆಯಿಂದ ಅವರಿಗೂ ಬೀದಿಯಲ್ಲಿ ಹಕ್ಕುಂಟು. ಸೈಕಲ್ಲಿನಲ್ಲಿ ಬರುವವನೇ ಅವರ ಗಿರಾಕಿಯೂ ಹೌದು.

ಬೇರ್ಪಡಿಸುವ ಸಾಧನಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಗೂಟಗಳು ಮುರಿದವು. ಶಹಾಬಾದಿನ ಕಲ್ಲಿಗೆ ಆ ಭಯವಿಲ್ಲ. ಗೇಣುದ್ದ ಮಾತ್ರ ಮೇಲೆ ಕಾಣುವಂತೆ ಹುಗಿದು, ಚೂಪಾದ ಅಂಚನ್ನು ತೇದು, ನೀರು ಹರಿಯಲು ನಡುನಡುವೆ ತೆರಪು ಬಿಟ್ಟರೆ ಲಾರಿಯ ಗಾಲಿಯು ಅದನ್ನು ಹತ್ತಲು ಹಿಂಜರಿಯುತ್ತದೆ. ಪಥದ ಮೈಗೆ ಮಾತ್ರ ಆ ಹಾಸುಗಲ್ಲು ಸಲ್ಲದು: ಸವೆದು ನುಣುಪಾದ ಮೇಲೆ ಮಳೆಯಲ್ಲಿ ಜಾರುತ್ತದೆ, ಸಂದುಗಳಲ್ಲಿ ಗಾಲಿಯು ಕುಕ್ಕುತ್ತದೆ.

ಎಲ್ಲಕ್ಕೂ ಮೊದಲು ಬೇಕಾದುದು ಎಣಿಕೆ. ಅದಕ್ಕೆ ಹಣವೂ ಬೇಡ, ಅನುಮತಿಯೂ ಬೇಡ. ಸೇಡಂನಲ್ಲಿಯೋ ಚಿಂಚೋಳಿಯಲ್ಲಿಯೋ ಪ್ರೌಢಶಾಲೆಯ ಮುಂದಣ ರಸ್ತೆಯಲ್ಲಿ ಇಬ್ಬರು ಕುಳಿತು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಹೀಗೆ ಆರು ದಿನ ಒಬ್ಬನು ಸೈಕಲ್ಲುಗಳನ್ನೂ ಮತ್ತೊಬ್ಬನು ಮೋಟಾರುಗಳನ್ನೂ ಗೆರೆ ಎಳೆದು ಗುರುತು ಹಾಕಿಕೊಳ್ಳಲಿ. ವಾಡಿಯಲ್ಲಿಯೂ ಶಹಾಬಾದಿನಲ್ಲಿಯೂ ಪಾಳಿ ಬದಲಾಗುವ ಹೊತ್ತನ್ನು ಹಿಡಿಯಬೇಕು. ಶಾಲೆಯ ಹೊತ್ತು ಅಲ್ಲಿ ಸಾಲದು. ನೂರೆಂಬ ಅಂಕಿಯು ದಾಟಿತೆಂದರೆ ಆ ಕಾಗದವು ಅರ್ಜಿಯಲ್ಲ, ಪ್ರಮಾಣ. ಪುರಸಭೆಯ ಸದಸ್ಯರನ್ನು ಆರು ದಿನಗಳಲ್ಲಿ ಒಂದು ದಿನವಾದರೂ ಎಣಿಸುವವರ ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಲೇಸು. ತಾನೇ ಎಣಿಸಿದುದನ್ನು ಸಭೆಯಲ್ಲಿ ಅಲ್ಲಗಳೆಯುವುದು ಕಷ್ಟ. ಎಣಿಕೆಯನ್ನು ಏಪ್ರಿಲ್ ಮೇ ತಿಂಗಳುಗಳಲ್ಲಿ ಮಾಡಬಾರದು: ಶಾಲೆಗಳಿಗೆ ರಜ, ಮೇಲಾಗಿ ನಲವತ್ತು ಡಿಗ್ರಿ ಮೀರುವ ಬಿಸಿಲಿನಲ್ಲಿ ಸೈಕಲ್ಲುಗಳು ಕಡಮೆಯಾಗಿ ಪಥವೇ ಬೇಡವೆನ್ನುವವರಿಗೆ ಅನುಕೂಲವಾಗುತ್ತದೆ. ಜೂನಿನಲ್ಲಿ ಶಾಲೆಗಳು ತೆರೆದು ಎರಡು ವಾರ ಕಳೆದ ಮೇಲೆ, ಮೊದಲ ಮಳೆಗೆ ಎರೆಯು ಹದವಾಗುವ ಹೊತ್ತಿಗೆ ಕುಳಿತುಕೊಳ್ಳುವುದು ಸರಿ.